ಅಳತೆಗೆಂದು ಒಯ್ದ ರವಿಕೆ

ದ ನಾಂಗ್: ರಸ್ತೆ

ವಿಯೆಟ್ನಾಮಿನಲ್ಲಿ ರಸ್ತೆ ದಾಟುವವರು ಓಡಬಾರದು, ನಿಲ್ಲಬಾರದು, ಇಟ್ಟ ಹೆಜ್ಜೆಯನ್ನು ಹಿಂದಕ್ಕೆ ತೆಗೆಯಬಾರದು. ಒಂದೇ ಗತಿಯಲ್ಲಿ ನಡೆಯುತ್ತಿದ್ದರೆ ಸಾಲುಗಟ್ಟಿ ಬರುವ ಮೋಟಾರು ಬೈಕುಗಳು, ಬಂಡೆಯನ್ನು ಬಳಸಿ ಹರಿಯುವ ತುಂಗಭದ್ರೆಯ ನೀರಿನಂತೆ, ನಮ್ಮ ಎರಡೂ ಪಕ್ಕದಲ್ಲಿ ಸರಿದುಹೋಗುತ್ತವೆ. ನಮ್ಮ ಹೊಸಪೇಟೆಯ ಬಸ್ ನಿಲ್ದಾಣದ ಮುಂದೆ ಹಾಗೆ ನಿಧಾನವಾಗಿ ನಡೆದವರು ಮನೆ ತಲಪುವ ಮೊದಲು ಆಸ್ಪತ್ರೆ ತಲಪುತ್ತಾರೆ. ಅಲ್ಲಿ ಸಂದು ಕಂಡ ಕ್ಷಣ ಓಡುವುದೇ ವಿವೇಕ. ಹೊಸಪೇಟೆಯ ವಿವೇಕವನ್ನು ದ ನಾಂಗ್‌ನಲ್ಲಿ ಪ್ರಯೋಗಿಸಿದ ನಾನು, ತರಕಾರಿ ಹೇರಿಕೊಂಡು ಬರುತ್ತಿದ್ದ ಹೆಂಗಸೊಬ್ಬಳ ಬೈಕಿಗೆ ಅಡ್ಡಬಂದು, ಆಕೆಯ ಎಲೆಕೋಸುಗಳನ್ನು ರಸ್ತೆಯ ಪಾಲು ಮಾಡಿದೆ. ಆಕೆ ಬೈಯಲಿಲ್ಲ. ಉರುಳಿದ ಕೋಸುಗಳನ್ನು ನಾನೇ ಆರಿಸಿ ಕೊಡುವವರೆಗೆ ಬೈಕಿನ ಮೇಲೆ ಕುಳಿತೇ ನಗುತ್ತಿದ್ದಳು.

"ನೀವು ಮುಂದಿನ ಗಳಿಗೆ ಎಲ್ಲಿರುತ್ತೀರಿ ಎಂಬುದು ಅವರಿಗೆ ತಿಳಿಯಬೇಕು. ಅಷ್ಟು ಸಾಕು," ಎಂದು ಇಂಗ್ಲಿಷಿನಲ್ಲಿ ತಿಳಿಹೇಳಿದವಳು ನಮ್ಮ ಗುಂಪಿನ ಗೈಡ್ ಹ್ವಾ. ನಲವತ್ತರ ಆಸುಪಾಸಿನ, ಮಿತಭಾಷಿಯಾದ ಹೆಂಗಸು.

ನಾನು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದ ಕಾಲದಲ್ಲಿ, ಸ್ಟಾಫ್ ರೂಮಿನಲ್ಲಿ ವಿಜ್ಞಾನದ ಮೇಷ್ಟ್ರೊಬ್ಬರು ನೀತಿ ಎಂಬುದು ಊರಿಗೊಂದು, ಕಾಲಕ್ಕೊಂದು ಎಂದು ವಾದಿಸುತ್ತಿದ್ದರು. ನಾನು ಎಂದೂ ಒಪ್ಪಿದವಳಲ್ಲ. ಎಲೆಕೋಸಿನ ಘಟನೆಯ ಬಳಿಕ ನನ್ನ ಪಕ್ಷಕ್ಕೆ ಒಳ್ಳೆಯದೊಂದು ದೃಷ್ಟಾಂತ ದೊರೆತಂತಾಯಿತು. ದಾಟುವ ರೀತಿ ಊರೂರಿಗೆ ಬೇರೆಯಾಗಬಹುದು. ದಾಟುವವರ ಮೇಲೆ ಗಾಡಿ ಹತ್ತಿಸಬಾರದೆಂಬುದು ಎಲ್ಲ ಊರಿಗೂ ಒಂದೇ. ಮಾರನೆಯ ದಿನದವರೆಗೂ ಈ ಸಮಾಧಾನ ನನ್ನಲ್ಲಿ ಉಳಿದಿತ್ತು.

ಈ ಪ್ರವಾಸದ ಕಲ್ಪನೆ ನನ್ನದಲ್ಲ, ನೀಲಮ್ಮನವರದು. ಅವರು ಹೊಸಪೇಟೆಯಲ್ಲಿ ನಮ್ಮ ಓಣಿಯವರು. ಗಂಡ ತೀರಿಕೊಂಡ ಮೇಲೆ ಬಜಾರಿನ ಸೀರೆ ಅಂಗಡಿಯನ್ನು ತಾವೇ ನಡೆಸುತ್ತಿದ್ದಾರೆ. ತವರು ಕಂಪ್ಲಿ. ಅಣ್ಣ ವೀರಣ್ಣನವರದು ಅಲ್ಲಿ ಅಕ್ಕಿ ಗಿರಣಿ. ತಂಗಿ ಪಾರ್ವತಿಯನ್ನು ಸಂಡೂರಿಗೆ ಕೊಟ್ಟಿದ್ದಾರೆ. ವಿಯೆಟ್ನಾಮಿನ ಕಾಡಿನಲ್ಲಿ ಹಳೆಯ ಶಿವಾಲಯಗಳಿರುವ ಫೋಟೋ ಒಂದು ಅವರ ಫೋನಿಗೆ ಎಲ್ಲಿಂದಲೋ ಬಂದಿತ್ತು. "ನಮ್ಮ ಶಿವ ಅಲ್ಲೀತನಕ ಹೋಗಿ ಮನಿ ಕಟ್ಟ್ಯಾನಂತ್ರಿ ಅಕ್ಕಾರ. ನಾವು ಹೋಗಿ ನೋಡ್ಕೊಂಡು ಬರಾಕ ಏನು ಧಾಡಿ?" ಎಂದರು. ನಮ್ಮ ಕಡೆ ಶಿಕ್ಷಕಿಯರಿಗೆಲ್ಲ ಅಕ್ಕಾರು ಎನ್ನುವುದು ರೂಢಿ. ಹೀಗಾಗಿ ವಯಸ್ಸಿನಲ್ಲಿ ಹಿರಿಯರಾದರೂ ಅವರಿಗೆ ನಾನು ಅಕ್ಕಾರು.

ಬೆಂಗಳೂರಿನ ವಿಮಾನ ನಿಲ್ದಾಣದಲ್ಲೇ ಮೊದಲ ಅಡಚಣೆ ಎದುರಾಯಿತು. ಲೋಹದ ವಸ್ತುಗಳನ್ನೆಲ್ಲ ತಟ್ಟೆಯಲ್ಲಿಡಬೇಕೆಂದಾಗ, ನೀಲಮ್ಮನವರು ಕೊರಳಲ್ಲಿದ್ದ ಇಷ್ಟಲಿಂಗದ ಬೆಳ್ಳಿ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದು, "ನನ್ನ ಲಿಂಗಪ್ಪನ್ನ ಚಪ್ಪಲಿ ಜೋಡಿ ಮಲಗಸ್ತೀರೇನು?" ಎಂದು ನಿಂತುಬಿಟ್ಟರು. ತಪಾಸಣೆಯ ಹೆಣ್ಣುಮಗಳು ಬೀದರಿನ ಕಡೆಯವಳು. ಬೇರೊಂದು ತಟ್ಟೆ ತಂದು, ನೀಲಮ್ಮನವರದೇ ಮಡಿ ವಸ್ತ್ರವನ್ನು ಅದರಲ್ಲಿ ಹಾಸಿ ದಾರಿ ಮಾಡಿದಳು.

ದ ನಾಂಗ್‌ನಲ್ಲಿ ಇಳಿದ ಕೂಡಲೇ ಹ್ವಾ ನಮ್ಮೆಲ್ಲರ ವಯಸ್ಸು ಕೇಳಿದಳು. ಅಲ್ಲಿಯವರು ಎದುರಿನವರ ವಯಸ್ಸು ತಿಳಿಯದೆ ಮಾತನ್ನೇ ಆರಂಭಿಸಲಾರರು. ಅಕ್ಕ, ತಂಗಿ, ಚಿಕ್ಕಮ್ಮ ಎಂಬಿವುಗಳಲ್ಲಿ ಯಾವುದಾದರೊಂದನ್ನು ಹೇಳಿಯೇ ಮುಂದುವರಿಯಬೇಕು. ನೀಲಮ್ಮನವರು ತಮ್ಮ ವಯಸ್ಸಿನಲ್ಲಿ ಐದು ವರ್ಷ ಕಳೆದು ಹೇಳಿದರು. ನಾನು ತಿರುಗಿ ನೋಡಿದೆ.

"ಇಷ್ಟು ದೂರ ಬಂದೀವಿ ಅಕ್ಕಾರ. ಐದು ವರ್ಷ ಊರಾಗ ಬಿಟ್ಟು ಬಂದೀನಿ, ಅಷ್ಟ. ಹೋದ ಮ್ಯಾಲ ತಗೊಂತೀನಿ ಬಿಡ್ರಿ."

ಹ್ವಾ ಆ ಹೊತ್ತಿನಿಂದ ಅವರನ್ನು ಅಕ್ಕ ಎಂದೇ ಕರೆದಳು.

ದ ನಾಂಗ್: ಊಟ

ಅಲ್ಲಿಯ ಬೀದಿ ಬದಿಯ ಊಟದ ಅಂಗಡಿಗಳಲ್ಲಿ ನಮ್ಮ ಅಂಗನವಾಡಿಯ ಮಕ್ಕಳ ಕುರ್ಚಿಗಳಷ್ಟೇ ಎತ್ತರದ ಪ್ಲಾಸ್ಟಿಕ್ ಸ್ಟೂಲುಗಳಿರುತ್ತವೆ. ಕೋಟು ತೊಟ್ಟ ಗಂಡಸರೂ ಮೊಣಕಾಲು ಎದೆಗೆ ತಾಗುವಂತೆ ಅವುಗಳ ಮೇಲೆ ಕುಳಿತು ಗಂಭೀರವಾಗಿ ಊಟ ಮಾಡುತ್ತಾರೆ. ನಾವೂ ಕುಳಿತೆವು. 'ಚಾಯ್' ಎಂದರೆ ಅವರ ಭಾಷೆಯಲ್ಲಿ ಸಸ್ಯಾಹಾರ. ನಾನು ಆ ಪದವನ್ನು ಉಚ್ಚರಿಸಿದೆ, ಅಂಗಡಿಯಾಕೆ ತಲೆಯಾಡಿಸಿ ತಾನೂ ಅದನ್ನೇ ಉಚ್ಚರಿಸಿದಳು. ಬೇಯಿಸಿದ ಸೊಪ್ಪು, ಅನ್ನ, ಜತೆಗೆ ಕಂದು ಬಣ್ಣದ ಒಂದು ರಸ ಬಂದವು. ನೀಲಮ್ಮನವರು ಸೊಪ್ಪನ್ನು ಆ ರಸದಲ್ಲಿ ಅದ್ದಿ ಅದ್ದಿ ಉಂಡರು. "ಮಸ್ತ್ ಐತ್ರಿ ಅಕ್ಕಾರ ಇದು. ನಮ್ಮ ಹುಣಸಿ ಗೊಜ್ಜು ಇದ್ದಂಗ ಐತಿ, ಆದ್ರ ಅದಲ್ಲ."

ಬಸ್ಸಿನ ಬಳಿಯಿದ್ದ ಹ್ವಾ ಆಗ ಒಳಗೆ ಬಂದಳು. ಬಟ್ಟಲನ್ನು ನೋಡಿದವಳ ಮುಖ ಚಿಕ್ಕದಾಯಿತು. ಅದು ಮೀನನ್ನು ಉಪ್ಪಿನಲ್ಲಿ ಕೊಳೆಹಾಕಿ ತೆಗೆದ ರಸ. ಅಂಗಡಿಯಾಕೆ ಸುಳ್ಳು ಹೇಳಿರಲಿಲ್ಲ. ಅವಳ ಅಡುಗೆಮನೆಯಲ್ಲಿ ಅದು ಉಪ್ಪು, ಉಪ್ಪನ್ನು ಯಾರೂ ಮೀನೆಂದು ಎಣಿಸುವುದಿಲ್ಲ. "ಇವರು ಸಂತೋಷವಾಗಿದ್ದಾರೆ. ಹೇಳಲೇಬೇಕೆ?" ಎಂದು ಹ್ವಾ ನನ್ನನ್ನು ಮೆಲ್ಲನೆ ಕೇಳಿದಳು.

ಕೇಳುವ ಅಗತ್ಯವೇ ಇಲ್ಲವೆಂದು ನನಗೆ ತೋರಿತು. ಹೆಸರು ಬದಲಾದರೆ ಬಟ್ಟಲಿನಲ್ಲಿರುವುದು ಬದಲಾಗುವುದಿಲ್ಲ. ನಾನು ಕೂಡಲೇ ನೀಲಮ್ಮನವರಿಗೆ ತಿಳಿಸಿದೆ. ಅವರು ಕೈಯಲ್ಲಿದ್ದುದನ್ನು ಕೆಳಗಿಟ್ಟು, ಹೊರಗೆ ಹೋಗಿ ಬಾಯಿ ಮುಕ್ಕಳಿಸಿದರು. ಹೋಟೆಲಿಗೆ ಮರಳಿ ಸ್ನಾನ ಮಾಡಿ, ಲಿಂಗಪೂಜೆ ಮುಗಿಸುವವರೆಗೆ ಯಾರೊಡನೆಯೂ ಮಾತನಾಡಲಿಲ್ಲ. ನಾವಿಬ್ಬರೂ ಒಂದೇ ಕೋಣೆಯವರು. ಪೂಜೆಯಾದ ಮೇಲೆ ತಾವಾಗಿಯೇ ಹೇಳಿದರು:

"ಸಿಟ್ಟಿಲ್ರಿ ನನಗ. ಹೇಳಿದ್ದು ಚಲೋ ಮಾಡಿದ್ರಿ. ಹೊಟ್ಟ್ಯಾಗ ಹೋದದ್ದು ಹೋತು. ಆದ್ರ ಏನು ಹೋಗೇತಿ ಅನ್ನೋದು ನನಗ ಗೊತ್ತಿರಬೇಕು. ಮುಚ್ಚಿಟ್ರ ನನಗ ಆಗಂಗಿಲ್ಲ."

ಆಮೇಲೆ ಸಂಡೂರಿಗೆ ಫೋನು ಹಚ್ಚಿ, ನಡೆದುದನ್ನೆಲ್ಲ ಪಾರ್ವತಿಗೆ ವರದಿ ಮಾಡಿದರು. ಆಚೆಯಿಂದ ಬಂದ ನಗು ನನ್ನ ಮಂಚದವರೆಗೂ ಕೇಳಿಸಿತು. "ನಗ್ತೀ ಏನಲೇ? ನೀ ಬಂದಿದ್ರ ಬಟ್ಟಲಾನೂ ನೆಕ್ತಿದ್ದಿ," ಎಂದು ನೀಲಮ್ಮನವರೂ ನಕ್ಕರು. ಅಕ್ಕತಂಗಿಯರ ಈ ಮಾತು ಪ್ರತಿ ಸಂಜೆಯದು. ಅದಿಲ್ಲದೆ ನೀಲಮ್ಮನವರಿಗೆ ದಿನ ಮುಗಿಯುತ್ತಿರಲಿಲ್ಲ.

ಹೋಯ್ ಆನ್: ನದಿ

ಹೋಯ್ ಆನ್ ಹಳದಿ ಗೋಡೆಗಳ, ಹಂಚಿನ ಮಾಡುಗಳ ಹಳೆಯ ಪಟ್ಟಣ. ಹತ್ತಿರದ ಹಿನ್ನೀರಿನಲ್ಲಿ ದುಂಡನೆಯ ಬಿದಿರ ಬುಟ್ಟಿಗಳಲ್ಲಿ ಜನರನ್ನು ಕೂರಿಸಿಕೊಂಡು ಹೋಗುತ್ತಾರೆ. ಹಂಪಿಯ ಹರಿಗೋಲನ್ನು ಕಂಡವರಿಗೆ ಹೊಸತೇನಲ್ಲ. ಹುಟ್ಟು ಹಾಕುವವರಲ್ಲಿ ಹೆಂಗಸರೇ ಬಹಳ ಎಂಬುದೊಂದು ಭೇದ. ನಮ್ಮನ್ನು ಕೂರಿಸಿಕೊಂಡ ಅಜ್ಜಿ ನೀರಿನ ನಡುವೆ ಬುಟ್ಟಿಯನ್ನು ಬುಗುರಿಯಂತೆ ತಿರುಗಿಸಿದಳು. ನೀಲಮ್ಮನವರು ಒಂದು ಕೈಯಲ್ಲಿ ಕರಡಿಗೆ, ಇನ್ನೊಂದರಲ್ಲಿ ಫೋನು ಹಿಡಿದು, "ಏ ಮುದುಕಿ, ಸಾಕಬೇ, ಸಾಕು!" ಎಂದು ಕೂಗುತ್ತ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅವರ ಕನ್ನಡ ಅಜ್ಜಿಗೆ ಅರ್ಥವಾದಂತೆ ತೋರಿತು, ಏಕೆಂದರೆ ಇನ್ನೂ ಜೋರಾಗಿ ತಿರುಗಿಸಿದಳು.

ಆ ವಿಡಿಯೋವನ್ನು ಹೋಟೆಲಿಗೆ ಮರಳಿದ ಕೂಡಲೇ ಪಾರ್ವತಿಗೆ ಕಳಿಸಿದರು. ಸಂಜೆಯಾದರೂ ಅದು ನೋಡಿದ ಗುರುತು ತೋರಿಸಲಿಲ್ಲ. "ಎಲ್ಲಿ ಸತ್ಲೋ ಏನೋ, ಫೋನು ನೋಡವಲ್ಲಳು," ಎಂದು ಗೊಣಗುತ್ತ ಸ್ನಾನಕ್ಕೆ ಹೋದರು. ಆಗಲೇ ನನ್ನ ಫೋನು ಗುಣುಗುಟ್ಟಿತು. ಕಂಪ್ಲಿಯ ವೀರಣ್ಣನವರು.

"ಅಕ್ಕಾರ, ನೀಲವ್ವ ಬಾಜೂಕ ಅದಾಳೇನ್ರಿ?"

"ಇಲ್ಲ, ಸ್ನಾನಕ್ಕೆ ಹೋಗಿದ್ದಾರೆ."

"ಹಂಗಾರ ಕೇಳ್ರಿ. ಪಾರಿ ಹೋದಳ್ರಿ."

ಪಾರ್ವತಿ ಮುಂಜಾನೆ ಎದೆನೋವೆಂದಳಂತೆ. ಸಂಡೂರಿನಿಂದ ಹೊಸಪೇಟೆಗೆ ಕರೆತರುವ ದಾರಿಯಲ್ಲೇ ಮುಗಿದಿತ್ತು. "ಈಗಷ್ಟ ಮಣ್ಣು ಮುಗಿಸಿ ಬಂದೀವಿ. ಆಕಿಗೆ ಹೇಳಬ್ಯಾಡ್ರಿ ಅಕ್ಕಾರ. ಬಂದ ಮ್ಯಾಲ ನಾನ ಹೇಳ್ತೀನಿ."

"ವೀರಣ್ಣನವರೆ, ಅವರಿಗೆ ತಿಳಿಸದಿರುವುದು ಸರಿಯಲ್ಲ. ಸ್ವಂತ ತಂಗಿ."

"ತಿಳಿಸಿದ್ರ ಏನು ಮಾಡ್ತಾಳ್ರಿ ಅಲ್ಲಿ? ಹಾರಿ ಬರ್ತಾಳೇನು? ಬಂದ್ರೂ ಮುಖ ನೋಡಾಕ ಸಿಗಂಗಿಲ್ಲ." ಆಮೇಲೆ ಅವರ ದನಿ ಕುಗ್ಗಿತು. "ನಾ ಇವತ್ತ ಒಬ್ಬ ತಂಗೀನ ಮಣ್ಣಾಗಿಟ್ಟು ಬಂದೀನಿ ಅಕ್ಕಾರ. ಇನ್ನೊಬ್ಬಾಕಿನ್ನ ಎಲ್ಡು ದಿನ ನಗಗೊಡ್ರಿ."

ಅವರು ಮತ್ತೊಂದು ಮಾತು ಸೇರಿಸಿದರು. ಮನೆಯ ಹುಡುಗರು ಪಾರ್ವತಿಯ ಫೋಟೋಕ್ಕೆ ಹಾರ ಹಾಕಿ ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಹಾಕಿಬಿಟ್ಟಿದ್ದಾರೆ. ಅದು ನೀಲಮ್ಮನವರ ಕಣ್ಣಿಗೆ ಬೀಳದಂತೆ ನಾನು ನೋಡಿಕೊಳ್ಳಬೇಕು.

ನಮ್ಮಲ್ಲಿ ಇದು ಎಲ್ಲ ಮನೆಗಳ ಪದ್ಧತಿ. ದೂರದಲ್ಲಿರುವವರಿಗೆ ಸಾವನ್ನು ಸಾವೆಂದು ಯಾರೂ ಹೇಳುವುದಿಲ್ಲ. "ಸ್ವಲ್ಪ ಸೀರಿಯಸ್ ಐತಿ, ಹೊರಟು ಬರ್ರಿ" ಎನ್ನುತ್ತಾರೆ. ಹೊರಟವರು ದಾರಿಯುದ್ದಕ್ಕೂ ತಾವೇ ಮೆಲ್ಲಮೆಲ್ಲನೆ ಅದನ್ನು ತಿಳಿದುಕೊಳ್ಳುತ್ತ ಬರುತ್ತಾರೆ, ಬಾಗಿಲಲ್ಲಿ ಚಪ್ಪಲಿಗಳ ರಾಶಿ ಕಂಡಾಗ ಉಳಿದಷ್ಟನ್ನು ತಿಳಿಯುತ್ತಾರೆ. ಈ ಪದ್ಧತಿಯನ್ನು ನಾನು ಅದುವರೆಗೆ ಕೇಳುವವರ ಕಡೆಯಿಂದ ಮಾತ್ರ ಕಂಡಿದ್ದೆ.

ಸ್ನಾನದ ಮನೆಯಲ್ಲಿ ನೀರಿನ ಸದ್ದು ಇನ್ನೂ ಇತ್ತು. ಮೇಜಿನ ಮೇಲಿದ್ದ ಅವರ ಫೋನನ್ನು ತೆಗೆದುಕೊಂಡೆ. ಹೋಟೆಲಿನ ವೈಫೈಯನ್ನು ಅದಕ್ಕೆ ಜೋಡಿಸಿಕೊಟ್ಟವಳು ನಾನೇ. ಬೇರೆ ಯಾವ ಸಂಪರ್ಕವೂ ಅದಕ್ಕಿರಲಿಲ್ಲ. ಜೋಡಣೆಯನ್ನು 'ಮರೆತುಬಿಡು' ಎಂದು ಫೋನಿಗೆ ಆಜ್ಞಾಪಿಸಲು ಒಂದು ಸಾಲು ಇರುತ್ತದೆ. ಅದನ್ನು ಒತ್ತಿದೆ.

ಹೊರಬಂದ ನೀಲಮ್ಮನವರು ಫೋನನ್ನು ತಿರುವಿ ಮುರುವಿ ನೋಡಿ, "ನೆಟ್ ಬರವಲ್ದು ನೋಡ್ರಿ" ಎಂದರು. ನಾನು ಕಿಟಕಿಯ ಪರದೆ ಎಳೆಯಲು ಎದ್ದೆ.

ಹೋಯ್ ಆನ್: ಕಾಫಿ

ಬೆಳಿಗ್ಗೆ ಮೊದಲ ಕೆಲಸವಾಗಿ ಹ್ವಾಳನ್ನು ಕಂಡು ವಿಷಯ ತಿಳಿಸಿ, ಬೇಗ ಹೊರಡುವ ದಾರಿಯುಂಟೇ ಎಂದು ವಿಚಾರಿಸಿದೆ. ಅವಳು ಯಾರುಯಾರಿಗೋ ಫೋನು ಮಾಡಿದಳು. ಬೆಂಗಳೂರಿಗೆ ಮುಂದಿನ ವಿಮಾನ ನಮ್ಮ ಗುಂಪು ಹೊರಡಬೇಕಾದ ವಿಮಾನವೇ. ಹೇಳಿದರೂ ಹೇಳದಿದ್ದರೂ ನೀಲಮ್ಮನವರು ಊರು ತಲಪುವ ಹೊತ್ತು ಒಂದೇ ಎಂದಾಯಿತು.

ಅಲ್ಲಿಯ ಕಾಫಿ ಲೋಟದ ಮೇಲೆ ಕೂತ ಪುಟ್ಟ ಜರಡಿಯಿಂದ ಹನಿಹನಿಯಾಗಿ ಇಳಿಯುತ್ತದೆ, ಅವಸರದವರಿಗಾಗಿ ಮಾಡಿದ್ದಲ್ಲ. ಅದು ಇಳಿಯುವಷ್ಟರಲ್ಲಿ ಹ್ವಾ ತನ್ನ ತಾಯಿಯ ವಿಷಯ ಹೇಳಿದಳು. ತಾಯಿಗೆ ಹೊಟ್ಟೆಯಲ್ಲಿ ಕ್ಯಾನ್ಸರ್. ವೈದ್ಯರು ಮಕ್ಕಳನ್ನು ಹೊರಗೆ ಕರೆದು ತಿಳಿಸಿದರು. ತಾಯಿಗೆ ಹುಣ್ಣು ಎಂದರು. ಮನೆಯವರೆಲ್ಲರೂ ಕೊನೆಯವರೆಗೂ ಹುಣ್ಣು ಎಂದೇ ಅಂದರು.

"ಇಲ್ಲಿ ಬಹಳ ಮನೆಗಳಲ್ಲಿ ಹಾಗೆಯೇ. ಭಾರವನ್ನು ಆರೋಗ್ಯವಂತರು ಹೊರಬೇಕು, ರೋಗಿಯಲ್ಲ. ನಮ್ಮ ತಾಯಿ ಕೊನೆಯ ವಾರದಲ್ಲೂ ಹೊಸ ವರ್ಷಕ್ಕೆ ಯಾವ ಅಡುಗೆ ಮಾಡಬೇಕೆಂದು ಹೇಳುತ್ತಿದ್ದಳು."

"ಅವರು ನಿಮ್ಮನ್ನು ಕೇಳಲಿಲ್ಲವೆ?"

"ಎಂದೂ ಕೇಳಲಿಲ್ಲ. ಕೇಳದಿರುವುದನ್ನೇ ನಾವು ಅವಳ ಉತ್ತರವೆಂದು ತಿಳಿದೆವು." ಲೋಟದ ಮೇಲಿನ ಜರಡಿಯನ್ನು ಎತ್ತಿ ಪಕ್ಕಕ್ಕಿಟ್ಟು, "ಸರಿಯಾಗಿ ತಿಳಿದೆವೋ ಇಲ್ಲವೋ, ಅದನ್ನು ಈಗ ಯಾರನ್ನು ಕೇಳುವುದು?" ಎಂದಳು.

ಆ ಮಾತಿನಿಂದ ನಾನು ನನಗಾಗಿ ಒಂದು ನಿಯಮವನ್ನು ಕಟ್ಟಿಕೊಂಡೆ. ಮೌನ ಬೇರೆ, ಸುಳ್ಳು ಬೇರೆ. ನೀಲಮ್ಮನವರು ಕೇಳುವವರೆಗೆ ಸುಮ್ಮನಿರಬಹುದು, ಕೇಳಿದರೆ ಸುಳ್ಳಾಡಬಾರದು. ಹಿಂದಿನ ಸಂಜೆ ಫೋನಿಗೆ ನಾನು ಮಾಡಿದ ಕೆಲಸ ಈ ಎರಡರಲ್ಲಿ ಯಾವ ಗುಂಪಿಗೆ ಸೇರುತ್ತದೆಂಬುದನ್ನು ಮಾತ್ರ ವಿಚಾರಿಸಲು ಹೋಗಲಿಲ್ಲ.

ಹೋಯ್ ಆನ್: ದರ್ಜಿಯ ಅಂಗಡಿ

ಹೋಯ್ ಆನ್ ದರ್ಜಿಗಳ ಊರು. ಇಂದು ಅಳತೆ ಕೊಟ್ಟರೆ ನಾಳೆ ಬಟ್ಟೆ ಸಿದ್ಧ. ಸೀರೆ ವ್ಯಾಪಾರದ ನೀಲಮ್ಮನವರಿಗೆ ಆ ಬೀದಿ ತವರುಮನೆಯಾಯಿತು. ರೇಷ್ಮೆಯನ್ನು ಹೆಬ್ಬೆರಳಿನಿಂದ ಉಜ್ಜಿ ನೋಡುತ್ತ, "ಇದು ಕಲಬೆರಕಿ. ಇದು ಅಸಲಿ. ಇದು ಅಸಲಿ, ಆದ್ರ ಬಣ್ಣ ಬಿಡ್ತತಿ" ಎಂದು ಕನ್ನಡದಲ್ಲೇ ತೀರ್ಪು ಕೊಡುತ್ತ ಅಂಗಡಿಯಿಂದ ಅಂಗಡಿಗೆ ನಡೆದರು. ಕೊನೆಗೊಂದು ಅಂಗಡಿಯಲ್ಲಿ ಎರಡು ತುಂಡುಗಳನ್ನು ಆರಿಸಿ ನನ್ನತ್ತ ತಿರುಗಿದರು.

"ನೇರಳೆಯೋ, ನವಿಲಿನ ಬಣ್ಣದ್ದೋ? ಪಾರಿಗೆ ಯಾವ್ದು ಒಪ್ತತಿ, ನೀವ ಹೇಳ್ರಿ. ಆಕಿನ್ನ ನೋಡೀರಲ್ಲ."

ನೋಡಿದ್ದೆ. ನೀಲಮ್ಮನವರ ಮನೆಯ ಹೊಸಿಲಲ್ಲಿ ಕೂತು ಹೂ ಕಟ್ಟುವಾಗ, ಅಂಗಡಿಯಲ್ಲಿ ಅಕ್ಕನ ಗಿರಾಕಿಗಳನ್ನು ಅಣಕಿಸುವಾಗ. "ನವಿಲಿನ ಬಣ್ಣ," ಎಂದೆ.

ಆಗ ನೀಲಮ್ಮನವರು ಕೈಚೀಲಕ್ಕೆ ಕೈಹಾಕಿ ಮಡಿಸಿದ ಹಳೆಯ ರವಿಕೆಯೊಂದನ್ನು ತೆಗೆದು ಮೇಜಿನ ಮೇಲೆ ಬಿಡಿಸಿಟ್ಟರು. ಅಳತೆಗೆಂದು ಊರಿನಿಂದಲೇ ತಂದ ಪಾರ್ವತಿಯ ರವಿಕೆ. ತೊಳೆದು ತೊಳೆದು ಮಾಸಿದ ಹಸಿರು, ಒಂದು ಕೊಕ್ಕೆ ಬೇರೆ ಬಣ್ಣದ್ದು. "ಬಗಲಾಗ ಬಿಚ್ಚಿ ಹೊಲದಾಳ ನೋಡ್ರಿ. ಮೈ ಬಂದೇತಿ ಅಂದ್ರ ಒಪ್ಪಂಗಿಲ್ಲ, ಬಟ್ಟಿನ ಕುಗ್ಗೇತಿ ಅಂತಾಳ," ಎಂದು ನಕ್ಕರು.

ದರ್ಜಿ ಹೆಂಗಸು ರವಿಕೆಯನ್ನು ಎತ್ತಿ ನೋಡಿ, ಇದನ್ನು ತೊಡುವವರು ಬಂದರೆ ಇನ್ನೂ ಚೆನ್ನಾಗಿ ಕೂರುವಂತೆ ಹೊಲಿಯಬಹುದೆಂದು ಇಂಗ್ಲಿಷಿನಲ್ಲಿ ಹೇಳಿದಳು. ಅವರೆಲ್ಲಿದ್ದಾರೆ ಎಂದು ಕೇಳಿದಳು. ನೀಲಮ್ಮನವರಿಗೆ ಇಂಗ್ಲಿಷ್ ಬಾರದು. ನಾನು ಪ್ರಶ್ನೆಯನ್ನು ಕನ್ನಡಕ್ಕೆ ತಿರುಗಿಸಿ ಹೇಳಿದೆ.

"ಆಕಿ ಸೊಂಡೂರಾಗದಾಳ, ಮಕ್ಕಳ ಕೂಡ ಆರಾಮದಾಳ ಅಂತ ಹೇಳ್ರಿ. ಮುಂದಿನ ಸಲ ಕರ್ಕೊಂಡ ಬರ್ತೀನಿ ಅಂತನೂ ಹೇಳ್ರಿ."

ನಾನು ಹೇಳಿದೆ. ಒಂದು ಪದವನ್ನೂ ಬಿಡದೆ, ಒಂದು ಪದವನ್ನೂ ಸೇರಿಸದೆ, ಸರಿಯಾದ ಇಂಗ್ಲಿಷಿನಲ್ಲಿ ಹೇಳಿದೆ. ದರ್ಜಿ ಸಂತೋಷದಿಂದ ತಲೆಯಾಡಿಸಿದಳು. ಹೇಳಿಸಿದವರು ಅದನ್ನು ನಿಜವೆಂದು ನಂಬಿದ್ದರು. ಕೇಳಿದವಳು ನಿಜವೆಂದು ಒಪ್ಪಿಕೊಂಡಳು. ನಡುವೆ ಹೊತ್ತು ದಾಟಿಸಿದವಳಿಗೆ ಮಾತ್ರ ಅದು ಸುಳ್ಳೆಂದು ತಿಳಿದಿತ್ತು. ಅನುವಾದಕಿಗೆ ತನ್ನದೆಂಬ ಮಾತಿಲ್ಲ ಎಂದು ವಾದಿಸಬಹುದಿತ್ತೇನೋ. ವಾದಿಸಲು ಮನಸ್ಸು ಬರಲಿಲ್ಲ.

"ಯಾಕ್ರಿ ಅಕ್ಕಾರ, ಮುಖ ಹಿಂಗ ಬಾಡೇತಿ?" ಎಂದರು ನೀಲಮ್ಮ.

"ಬಿಸಿಲು," ಎಂದೆ.

ಅವರು ತಮ್ಮ ಸೆರಗಿನಿಂದಲೇ ನನಗೆ ಗಾಳಿ ಹಾಕತೊಡಗಿದರು.

ಮುಂಜಾನೆ ಕಟ್ಟಿಕೊಂಡ ನಿಯಮ ಮಧ್ಯಾಹ್ನದವರೆಗೂ ಬಾಳಲಿಲ್ಲ. ಮೊದಲು ಮೌನ, ಆಮೇಲೆ ಫೋನು, ಈಗ ಮಾತು. ಮುಂದಿನದು ಇನ್ನೂ ಸುಲಭವಾಗಿರುತ್ತದೆ ಎಂಬುದು ನನಗೆ ಸ್ಪಷ್ಟವಾಗಿತ್ತು. ವೀರಣ್ಣನವರ ಕರುಣೆಯನ್ನು ನಾನು ಅಲ್ಲಗಳೆಯಲಾರೆ. ಹ್ವಾಳ ಮನೆಯವರ ಕರುಣೆಯನ್ನೂ ಅಷ್ಟೇ. ಆದರೆ ನೀಲಮ್ಮನವರು ಮೀನಿನ ರಸದ ಸಂಜೆ ತಮ್ಮ ಬಯಕೆಯನ್ನು ಬಿಡಿಸಿ ಹೇಳಿದ್ದರು. ಮುಚ್ಚಿಟ್ಟರೆ ಆಗುವುದಿಲ್ಲ ಎಂದವರಿಗೆ ಮುಚ್ಚಿಡುತ್ತಿದ್ದೆ. ಅವರು ನಗುತ್ತಿದ್ದ ಪ್ರತಿ ನಗೆಯನ್ನೂ ಮುಂದೊಂದು ದಿನ ಅವರೇ ನೆನೆದು ಹೇಸುವಂತೆ ಮಾಡುತ್ತಿದ್ದೆ.

ಮೀ ಸನ್

ಮೀ ಸನ್ ಬೆಟ್ಟಗಳ ಮಡಿಲಿನ ಒಂದು ಕಣಿವೆ. ಆ ಸೀಮೆಯನ್ನು ಹಿಂದೆ ಆಳಿದ ಚಂಪಾ ಅರಸರು ಕಟ್ಟಿಸಿದ ಕೆಂಪು ಇಟ್ಟಿಗೆಯ ಶಿವಾಲಯಗಳು ಅಲ್ಲಿ ಹುಲ್ಲು ಹೊತ್ತು ನಿಂತಿವೆ. ಹಂಪಿಯ ಕಲ್ಲು ಕಾಲವನ್ನು ಎದುರುಹಾಕಿಕೊಂಡಂತೆ ಕಾಣುತ್ತದೆ. ಇಲ್ಲಿಯ ಇಟ್ಟಿಗೆ ಕಾಲದೊಡನೆ ರಾಜಿಯಾದಂತೆ. ನಡುನಡುವೆ ಯುದ್ಧದ ಬಾಂಬುಗಳು ತೋಡಿದ ಗುಂಡಿಗಳು, ಅವುಗಳ ತುಂಬ ಹಸಿರು.

ನೀಲಮ್ಮನವರು ಬಯಲಲ್ಲಿ ನಿಂತ ಲಿಂಗವೊಂದರ ಮುಂದೆ ನಿಂತು, "ಯಾರೂ ಒಂದು ತಂಬಿಗಿ ನೀರು ಹಾಕವ್ರಿಲ್ಲೇನ್ರಿ ಇವನಿಗೆ?" ಎಂದರು. ಮುಟ್ಟುವಂತಿಲ್ಲ ಎಂದಳು ಹ್ವಾ. ಗುಂಪು ಮುಂದಿನ ಗೋಪುರಕ್ಕೆ ಹೋಯಿತು. ಮರದ ನೆರಳಿನಲ್ಲಿದ್ದ ಇಟ್ಟಿಗೆಯ ಕಟ್ಟೆಯ ಬಳಿ ನಾವಿಬ್ಬರೇ ಉಳಿದೆವು.

"ನೀಲಮ್ಮ, ಕುಳಿತುಕೊಳ್ಳಿ. ನಿಮಗೆ ಒಂದು ಮಾತು ಹೇಳಬೇಕು."

ಕುಳಿತರು. ನಾನು ಹೇಳಿದೆ. ಸೀರಿಯಸ್ ಎನ್ನಲಿಲ್ಲ, ಪಾರ್ವತಿ ತೀರಿಕೊಂಡಳು ಎಂದೇ ಹೇಳಿದೆ.

ಅವರು ಲಿಂಗದ ಕಡೆಗೇ ನೋಡುತ್ತ ಕೇಳಿದರು: "ಯಾವಾಗ?"

"ನಾವು ಹರಿಗೋಲಿನಲ್ಲಿ ಕೂತ ದಿನ. ಮುಂಜಾನೆ."

"ಅಂದ್ರ, ನಿನ್ನಿ ಜಂಪರ್ ಅಳತಿ ಕೊಡಬೇಕಾದ್ರ ನಿಮಗ ಗೊತ್ತಿತ್ತು."

"ಗೊತ್ತಿತ್ತು."

"ಬಣ್ಣ ಆರಿಸಿ ಕೊಟ್ರಿ."

"ಹೌದು."

"ಬಿಸಿಲು ಅಂದ್ರಿ. ನಾ ಗಾಳಿ ಹಾಕಿದೆ."

ನಾನು ತಲೆ ತಗ್ಗಿಸಿದೆ. ನೀಲಮ್ಮನವರು ಅಳಲಿಲ್ಲ. ಕರಡಿಗೆಯಿಂದ ಲಿಂಗವನ್ನು ತೆಗೆದು ಎಡ ಅಂಗೈಯಲ್ಲಿಟ್ಟುಕೊಂಡು, ಮನೆಯ ಜಗಲಿಯಲ್ಲಿ ಕೂತಂತೆ ಆ ಇಟ್ಟಿಗೆಯ ಕಟ್ಟೆಯ ಮೇಲೆ ಕೂತು, ಅದನ್ನೇ ದಿಟ್ಟಿಸಿದರು. ಯಾರೋ ಪ್ರವಾಸಿಗಳು ಫೋಟೋ ತೆಗೆಯಲು ಕ್ಯಾಮೆರಾ ಎತ್ತಿದಾಗ, ದೂರದಿಂದ ಗಮನಿಸಿದ ಹ್ವಾ ಓಡಿಬಂದು ಅವರಿಗೆ ಅಡ್ಡ ನಿಂತಳು.

ಲಿಂಗವನ್ನು ಮರಳಿ ಕರಡಿಗೆಯಲ್ಲಿಟ್ಟು ನೀಲಮ್ಮ ಹೇಳಿದರು: "ನೀವು ಹೇಳಿದ್ದು ಚಲೋ ಆತು ಅನ್ನಾಕ ಈಗ ನನಗ ಬಾಯಿ ಬರವಲ್ದು ಅಕ್ಕಾರ. ಹೇಳದಿದ್ರ ಚಲೋ ಇತ್ತು ಅಂತನೂ ಅನ್ನಂಗಿಲ್ಲ. ಆದ್ರ ಒಂದು. ನನಗ ಹೇಳೀರಿ ಅಂತ ಅಣ್ಣಗ ಹೇಳಬ್ಯಾಡ್ರಿ."

"ಯಾಕೆ? ಅವರೇ ಕೇಳಿದರೆ?"

"ಕೇಳಿದ್ರ ಇಲ್ಲ ಅನ್ರಿ."

"ನೀಲಮ್ಮ, ಅದು ಸುಳ್ಳಾಗುತ್ತದೆ."

"ಆಗವಲ್ದ್ಯಾಕ." ಕರಡಿಗೆಯ ದಾರವನ್ನು ಕೊರಳಲ್ಲಿ ಸರಿಪಡಿಸಿಕೊಂಡರು. "ಅವಾ ಅಲ್ಲಿ ಪಾರೀನ ಮಣ್ಣಾಗಿಟ್ಟು, ನನ್ನನ್ನ ಮಾತ್ರ ಕಾಪಾಡೀನಿ ಅಂತ ಕುಂತಾನ. ಅವನ ಕೈಯಾಗ ಉಳಿದದ್ದು ಅದೊಂದ. ನಾ ಮೊದ್ಲ ತಿಳಕೊಂಡೀನಿ ಅಂದ್ರ ಅದನ್ನೂ ಕಸ್ಗೊಂಡಂಗ ಆಗ್ತತಿ. ನಿಮ್ಮ ಧರ್ಮ ನೀವು ಮಾಡಿದ್ರಿ, ನಾ ಬ್ಯಾಡಂದೆನೇನು? ನಂದು ನನಗ ಬಿಡ್ರಿ."

ಆ ಸಂಜೆ ಹೋಯ್ ಆನ್‌ಗೆ ಮರಳಿದ ಮೇಲೆ ಹೊಲಿದ ರವಿಕೆಯನ್ನು ತರಲು ಒಬ್ಬರೇ ಹೋದರು. ಮಾತು ತಿರುಗಿಸಿ ಹೇಳಲು ನನ್ನನ್ನು ಕರೆಯಲಿಲ್ಲ. ಹೊಸದನ್ನೂ ಹಳೆಯದನ್ನೂ ಒಂದೇ ಕವರಿನಲ್ಲಿ ತಂದು ಪೆಟ್ಟಿಗೆಯ ತಳದಲ್ಲಿಟ್ಟರು.

ಹೊಸಪೇಟೆ

ಬೆಂಗಳೂರಿನಿಂದ ನಮ್ಮ ರೈಲು ಬೆಳಿಗ್ಗೆ ಹೊಸಪೇಟೆ ಸೇರಿತು. ವೀರಣ್ಣನವರು ಪ್ಲಾಟ್‌ಫಾರಂ ಮೇಲೆಯೇ ನಿಂತಿದ್ದರು. ಯಾವಾಗಲೂ ಇಸ್ತ್ರಿಯ ಬಿಳಿ ಅಂಗಿಯಲ್ಲಿರುವ ಮನುಷ್ಯ. ಅಂದು ಗುಂಡಿಗಳು ತಪ್ಪಿ ಒಂದರ ತೂತಿನಲ್ಲಿ ಇನ್ನೊಂದು ಕೂತಿದ್ದವು.

"ಬಂದ್ಯಾ ಯವ್ವ? ಪ್ರಯಾಣ ಆರಾಮಾತೇನು?"

"ಆರಾಮಾತಣ್ಣ. ನೀ ಯಾಕ ಬಂದಿ ಇಷ್ಟು ಮುಂಜಾನಿ?"

"ಅದ... ಪಾರಿಗೆ ಸ್ವಲ್ಪ ಆರಾಮಿಲ್ಲ. ಸೊಂಡೂರಿಗೆ ಹೋಗೂನು ಬಾ. ಕಾರು ತಂದೀನಿ."

"ಏನಾಗೇತಣ್ಣ ಆಕಿಗೆ?"

ನೀಲಮ್ಮನವರು ಅದನ್ನು ಕೇಳಿದ ರೀತಿಯನ್ನು ನಾನು ಮರೆಯಲಾರೆ. ಅದರಲ್ಲಿ ನಟನೆಯಿರಲಿಲ್ಲ, ಬೇರೊಂದು ಉತ್ತರ ಬಂದರೂ ಬರಬಹುದೆಂಬಂತೆ ಕೇಳಿದರು.

ವೀರಣ್ಣನವರು "ಸ್ವಲ್ಪ ಸೀರಿಯಸ್" ಎಂದರು. ಆ ದಿನಗಳಲ್ಲಿ ಅದೆಷ್ಟು ಬಾರಿ ಮನಸ್ಸಿನಲ್ಲೇ ಅಂದು ನೋಡಿಕೊಂಡಿದ್ದರೋ, ಮುಂದಿನ ಮಾತು ಅವರ ಬಾಯಿಂದ ಹೊರಡಲಿಲ್ಲ. ಪ್ಲಾಟ್‌ಫಾರಮ್ಮಿನ ಬೆಂಚಿನ ಮೇಲೆ ಕುಸಿದು, ಟವೆಲ್ಲನ್ನು ಬಾಯಿಗೆ ಒತ್ತಿಕೊಂಡು ಅತ್ತರು. ನೀಲಮ್ಮ ಅಣ್ಣನ ತಲೆಯನ್ನು ಎದೆಗೆ ಒತ್ತಿಕೊಂಡರು. ಕಣಿವೆಯಲ್ಲಿ, ವಿಮಾನದಲ್ಲಿ, ರೈಲಿನಲ್ಲಿ ತಡೆದಿದ್ದ ಅಳು ಆಗ ಬಂತು. ಹಮಾಲರು ಗಾಡಿ ನಿಲ್ಲಿಸಿದರು. ಚಹಾದವನು ಕೂಗುವುದನ್ನು ಬಿಟ್ಟು ದೂರ ಸರಿದ.

ಎಷ್ಟೋ ಹೊತ್ತಿನ ಮೇಲೆ ವೀರಣ್ಣನವರು ಮುಖ ಒರೆಸಿಕೊಂಡು ನನ್ನ ಕಡೆ ತಿರುಗಿದರು.

"ಅಕ್ಕಾರ, ಅಲ್ಲಿ ಆಕಿಗೆ ಏನೂ ಗೊತ್ತಾಗಲಿಲ್ಲಲ್ರಿ? ನಕ್ಕೊಂತನ ಇದ್ಲಲ್ರಿ?"

ಅವರ ಭುಜದ ಮೇಲಿಂದ ನೀಲಮ್ಮನವರು ನನ್ನನ್ನು ನೋಡಿದರು.

"ಇಲ್ಲ ವೀರಣ್ಣನವರೆ, ಏನೂ ಗೊತ್ತಾಗಲಿಲ್ಲ. ಕೊನೆಯ ದಿನದವರೆಗೂ ನಗುತ್ತಲೇ ಇದ್ದರು," ಎಂದೆ.

ಅವರು ನನಗೆ ಎರಡೂ ಕೈ ಮುಗಿದರು. ಅಣ್ಣತಂಗಿ ಒಬ್ಬರನ್ನೊಬ್ಬರು ಹಿಡಿದುಕೊಂಡು ಕಾರಿನತ್ತ ನಡೆದರು. ಕಾರು ಸಂಡೂರಿನ ದಾರಿ ಹಿಡಿಯಿತು.

ನಾನು ಹೇಳಿದ್ದು ಸುಳ್ಳು. ಅದು ಹೊಸಪೇಟೆಯಲ್ಲೂ ಸುಳ್ಳು, ಹೋಯ್ ಆನ್‌ನಲ್ಲೂ ಸುಳ್ಳು. ಈ ವಿಷಯದಲ್ಲಿ ನನ್ನ ಅಭಿಪ್ರಾಯ ಕಿಂಚಿತ್ತೂ ಬದಲಾಗಿಲ್ಲ. ವೀರಣ್ಣನವರು ನಾಳೆ ಮತ್ತೆ ಕೇಳಿದರೂ ಅದನ್ನೇ ಹೇಳುತ್ತೇನೆ.